ಲಿಕ್ವಿಡ್ ಬಯಾಪ್ಸಿ ರಿಪೋರ್ಟ್ ಎಷ್ಟು ನಂಬಬೋದು? ರಕ್ತ ಕೊಡೋಕೆ ಮುಂಚೆ, ರಿಪೋರ್ಟ್ ಬಂದ್ಮೇಲೆ ಏನೇನು ನೋಡ್ಬೇಕು

ನಮ್ಮ ಮಾವನ ರಿಪೋರ್ಟ್ ವಾಟ್ಸಾಪಲ್ಲಿ ಬಂದಾಗ ನಾನು ಡೊಂಬಿವಲಿ ಫಾಸ್ಟ್ ಲೋಕಲ್ ರೈಲಲ್ಲಿ ಬಾಗಿಲ ಹತ್ರ ನೇತಾಡ್ತಿದ್ದೆ. ಹಿಂದೇನೇ ಮಾವನ ಫೋನು. "ಏನು ಮಾರಾಯ, ಅದ್ರಲ್ಲಿ ನೋ ಅಂತ ಬರ್ದಿದ್ದಾರೆ, ಹಾಗಾದ್ರೆ ನಂಗೆ ಕ್ಯಾನ್ಸರೇ ಇಲ್ವಾ ಹೇಗೆ?" ಘಾಟ್ಕೋಪರಲ್ಲಿ ನಲವತ್ತು ವರ್ಷ ಹೋಟೆಲ್ ಗಲ್ಲಾದಲ್ಲಿ ಕೂತ ಮನುಷ್ಯ, ಯಾವ ನೋಟು ಖೋಟಾ ಅಂತ ಬೆರಳಲ್ಲೇ ಹೇಳ್ತಾರೆ, ಆದ್ರೆ ಈ ಕಾಗದ ಅವರನ್ನೂ ಯಾಮಾರಿಸ್ತು. ಎರಡು ವಾರ ಮುಂಚೇನೇ ಶ್ವಾಸಕೋಶದ ಕ್ಯಾನ್ಸರ್ ಅಂತ ಸೂಜಿ ಬಯಾಪ್ಸೀಲಿ ಗೊತ್ತಾಗಿತ್ತು. ಆ ತುಂಡು ಚಿಕ್ಕದು, ಜೀನ್ ಟೆಸ್ಟಿಗೆ ಸಾಕಾಗ್ಲಿಲ್ಲ, ಅದಕ್ಕೆ ಡಾಕ್ಟ್ರು ರಕ್ತದಲ್ಲಿ ನೋಡೋಣ ಅಂದಿದ್ರು, ಅದನ್ನೇ ಲಿಕ್ವಿಡ್ ಬಯಾಪ್ಸಿ ಅನ್ನೋದು. ರಿಪೋರ್ಟಲ್ಲಿ ಇದ್ದಿದ್ದು "ನೋ ಮ್ಯುಟೇಷನ್ ಡಿಟೆಕ್ಟೆಡ್". ಮ್ಯುಟೇಷನ್ ಅಂದ್ರೆ ಜೀನಲ್ಲಿ ಆಗಿರೋ ಬದಲಾವಣೆ. ಹುಡುಕಿದ್ದು ಸಿಕ್ಕಿಲ್ಲ ಅಂತ ಅಷ್ಟೇ ಅದರ ಅರ್ಥ. ಕ್ಯಾನ್ಸರ್ ಇಲ್ಲ ಅಂತ ಅಲ್ಲ, ಆ ಮ್ಯುಟೇಷನ್ ಇಲ್ಲ ಅಂತಾನೂ ಅಲ್ಲ.

ನಾನು ಹನ್ನೊಂದು ವರ್ಷ ನವಿ ಮುಂಬೈನಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದೆ, ರಕ್ತದಿಂದ ಡಿಎನ್‌ಎ ತೆಗೆಯೋದೇ ಕೆಲ್ಸ. ಡಾಕ್ಟರ್ ಅಲ್ಲ, ಔಷಧಿ ವಿಚಾರ ನನ್ನನ್ನ ಕೇಳ್ಬೇಡಿ. ಆದ್ರೆ ಟ್ಯೂಬು ಕೈಯಿಂದ ಮೆಷಿನ್ ತನಕ ಹೋಗೋ ದಾರೀಲಿ ಎಲ್ಲೆಲ್ಲಿ ಕೆಡತ್ತೆ ಅಂತ ಗೊತ್ತು, ಊರಿಂದ ಪರೇಲಿನ ಕ್ಯಾನ್ಸರ್ ಆಸ್ಪತ್ರೆಗೆ ಬರೋರು, ಮಾಟುಂಗಾ ಕಡೆಯ ನೆಂಟ್ರು, ಪುಣೆಯಲ್ಲಿರೋ ಅತ್ತೆ ಮಗಳು, ಎಲ್ರೂ ರಿಪೋರ್ಟ್ ಕಳಿಸಿ ಕೇಳ್ತಾನೇ ಇರ್ತಾರೆ, ಒಬ್ಬೊಬ್ರಿಗೆ ಫೋನಲ್ಲಿ ಹೇಳಿ ಹೇಳಿ ಸಾಕಾಗಿ ಒಂದೇ ಸಲ ಇಲ್ಲಿ ಬರ್ದು ಹಾಕ್ತಿದ್ದೀನಿ.

ಮೊದ್ಲು, ರಕ್ತದಲ್ಲಿ ಹುಡುಕೋದು ಏನನ್ನ

ನಮ್ಮ ಮೈಯಲ್ಲಿ ಕೋಶಗಳು ದಿನಾ ಸಾಯ್ತವೆ, ಸತ್ತಾಗ ಅವುಗಳ ಡಿಎನ್‌ಎ ಚೂರುಚೂರಾಗಿ ರಕ್ತಕ್ಕೆ ಬೀಳತ್ತೆ. ಒಂದೊಂದು ಚೂರು ಹೆಚ್ಚುಕಮ್ಮಿ 167 ಅಕ್ಷರ ಉದ್ದ. ಗಡ್ಡೆಯ ಕೋಶಗಳು ಸತ್ತಾಗ್ಲೂ ಹಾಗೇ ಬೀಳತ್ತೆ, ಆ ಚೂರುಗಳಲ್ಲಿ ಮ್ಯುಟೇಷನ್ ಇರತ್ತೆ, ಅದನ್ನ ಹಿಡಿಯೋದೇ ಈಗ ಜಾಸ್ತಿ ಮಾಡೋ ಲಿಕ್ವಿಡ್ ಬಯಾಪ್ಸಿ. ರಕ್ತದಲ್ಲಿ ತೇಲೋ ಇಡೀ ಕ್ಯಾನ್ಸರ್ ಕೋಶ ಎಣಿಸೋ ಟೆಸ್ಟೂ ಇದೆ, ಅದು ಬೇರೆ, ಇಲ್ಲಿ ಅದರ ಸುದ್ದಿ ಬೇಡ.

ತೊಂದ್ರೆ ಏನಪ್ಪಾ ಅಂದ್ರೆ ರಕ್ತದಲ್ಲಿ ತೇಲೋ ಡಿಎನ್‌ಎಯಲ್ಲಿ ಬಹುಪಾಲು ನಮ್ಮ ಒಳ್ಳೇ ಬಿಳಿ ರಕ್ತಕಣಗಳದ್ದು. ಗಡ್ಡೆಯದ್ದು ಕೆಲವೊಮ್ಮೆ ನೂರಕ್ಕೆ ಹತ್ತು, ಕೆಲವೊಮ್ಮೆ ಸಾವಿರಕ್ಕೆ ಒಂದು, ಇನ್ನೂ ಕಮ್ಮೀನೂ ಇರಬೋದು. ಮತ್ತೆ ಈ ಚೂರುಗಳ ಆಯಸ್ಸು ತುಂಬಾ ಚಿಕ್ಕದು, ಹದಿನೈದು ನಿಮಿಷದಿಂದ ಒಂದೆರಡು ಗಂಟೆಯೊಳಗೆ ಅರ್ಧದಷ್ಟು ಖಾಲಿ. ಅಂದ್ರೆ ನೀವು ರಕ್ತ ಕೊಟ್ಟ ಆ ದಿನ ಆ ಹೊತ್ತಲ್ಲಿ ಗಡ್ಡೆ ಏನು ಉದುರಿಸ್ತಿತ್ತೋ ಅದು ಮಾತ್ರ ಕಾಣತ್ತೆ.

ಡಾಕ್ಟರನ್ನ ಕೇಳಿ, ಯಾವ ಪ್ರಶ್ನೆಗೆ ಈ ಟೆಸ್ಟು

ಇದನ್ನ ಕೇಳದೇ ಯಾರೂ ದುಡ್ಡು ಕಟ್ಬೇಡಿ. ಒಂದೇ ಹೆಸರಲ್ಲಿ ನಾಲ್ಕು ಬೇರೆ ಬೇರೆ ಕೆಲ್ಸ ನಡೀತಿದೆ. ಇರೋ ಕ್ಯಾನ್ಸರಿಗೆ ಯಾವ ಮಾತ್ರೆ ಹಿಡಿಸತ್ತೆ ಅಂತ ನೋಡೋದು ಒಂದು, ಮಾತ್ರೆ ಕೆಲ್ಸ ಬಿಟ್ಟಾಗ ಯಾಕೆ ಬಿಡ್ತು ಅಂತ ನೋಡೋದು ಇನ್ನೊಂದು, ಆಪರೇಷನ್ ಆದ್ಮೇಲೆ ಬೇರು ಉಳಿದಿದ್ಯಾ ಅಂತ ನೋಡೋದು ಮೂರನೇದು, ಏನೂ ತೊಂದ್ರೆ ಇಲ್ಲದೋರಲ್ಲಿ ಕ್ಯಾನ್ಸರ್ ಹುಡುಕೋದು ನಾಲ್ಕನೇದು. ಮೊದಲೆರಡಕ್ಕೆ ಬುಡ ಗಟ್ಟಿ ಇದೆ. ಶ್ವಾಸಕೋಶದ ಕ್ಯಾನ್ಸರಲ್ಲಿ ರಕ್ತದಿಂದ ಇಜಿಎಫ್‌ಆರ್ ಅನ್ನೋ ಜೀನಿನ ಮ್ಯುಟೇಷನ್ ನೋಡೋ ಟೆಸ್ಟಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿದ್ದು 2016ರಲ್ಲಿ, ಒಟ್ಟಿಗೆ ಹತ್ತಾರು ಜೀನ್ ನೋಡೋ ಎರಡು ದೊಡ್ಡ ಪ್ಯಾನೆಲ್‌ಗಳಿಗೆ 2020ರ ಆಗಸ್ಟಲ್ಲಿ. ನಾಲ್ಕನೇದರ ಬಗ್ಗೆ ಕೊನೇಲಿ ಹೇಳ್ತೀನಿ, ಅದ್ರ ಮೇಲೆ ನಂಗೆ ಸ್ವಲ್ಪ ಸಿಟ್ಟೇ ಇದೆ.

ಇನ್ನೊಂದು, ಯಾವ ಕ್ಯಾನ್ಸರು ಎಲ್ಲಿದೆ ಅನ್ನೋದೂ ಲೆಕ್ಕಕ್ಕೆ ಬರತ್ತೆ. ಲಿವರಿಗೆ ಹರಡಿದ್ದು ಚೆನ್ನಾಗಿ ಉದುರಿಸತ್ತೆ, ಕರುಳಿನ ಕ್ಯಾನ್ಸರ್ ಮುಂದುವರ್ದಿದ್ರೆ ಅದೂ ಹಾಗೇ. ಮೆದುಳಿನ ಗಡ್ಡೆಯದ್ದು ರಕ್ತಕ್ಕೆ ಬರೋದೇ ಕಷ್ಟ, ಮಧ್ಯೆ ತಡೆಗೋಡೆ ಇದೆ, ಅದಕ್ಕೆ ಬೆನ್ನಿನ ನೀರಲ್ಲಿ ನೋಡೋದು ವಾಸಿ. ಕಿಡ್ನಿ, ಥೈರಾಯ್ಡ್ ಕ್ಯಾನ್ಸರ್‌ಗಳೂ ಜಿಪುಣ. ಶ್ವಾಸಕೋಶದ್ದು ಎದೆಯೊಳಗೇ ಇದ್ರೆ ಸಿಗೋ ಛಾನ್ಸ್ ಕಮ್ಮಿ, ಎದೆ ಬಿಟ್ಟು ಮೂಳೆಗೆ ಲಿವರಿಗೆ ಹೋಗಿದ್ರೆ ಜಾಸ್ತಿ. ಕೆಟ್ಟ ಸುದ್ದಿ ಇದ್ದಷ್ಟೂ ಟೆಸ್ಟು ಚೆನ್ನಾಗಿ ಕೆಲ್ಸ ಮಾಡತ್ತೆ, ಏನು ಮಾಡೋದು.

ರಕ್ತ ಯಾವಾಗ ಕೊಡ್ಬೇಕು

ಚಿಕಿತ್ಸೆ ಶುರು ಆಗೋಕೆ ಮುಂಚೆ ಕೊಡಿ. ಕೀಮೋ ಅಥವಾ ಮಾತ್ರೆ ಶುರುವಾಗಿ ಗಡ್ಡೆ ಕುಗ್ತಾ ಬಂತು ಅಂದ್ರೆ ಉದುರೋದೂ ಕಮ್ಮಿ ಆಗತ್ತೆ, ಆಮೇಲೆ ತೆಗೆದ ರಕ್ತದಲ್ಲಿ ಇರೋ ಮ್ಯುಟೇಷನ್ನೂ ಕಾಣಲ್ಲ. ಊರಿಂದ ಬಂದೋರು ದಾದರಲ್ಲಿ ಧರ್ಮಶಾಲೆ ಹಿಡ್ಕೊಂಡು ಇರೋರು, ಖರ್ಚು ಬೆಳೀತಾ ಇರತ್ತೆ, ಒಂದು ಕೀಮೋ ಆಗೇ ಹೋಗ್ಲಿ ಟೆಸ್ಟ್ ಆಮೇಲೆ ನೋಡೋಣ ಅಂತ ಅನ್ಸೋದು ಸಹಜ, ತುರ್ತು ಇದ್ರೆ ಡಾಕ್ಟ್ರು ಹೇಳಿದ ಹಾಗೆ ಮೊದ್ಲು ಕೀಮೋನೇ, ಆದ್ರೆ ಅದಕ್ಕೂ ಮುಂಚೆ ಒಂದೆರಡು ಟ್ಯೂಬ್ ರಕ್ತ ತೆಗೆದಿಡೋಕೆ ಆಗತ್ತಾ ಅಂತ ಕೇಳೋದಕ್ಕೆ ಏನೂ ಖರ್ಚಿಲ್ಲ. ಮಾತ್ರೆ ತಿನ್ನೋರಲ್ಲಿ ರೋಗ ಮತ್ತೆ ಬೆಳೀತಿದೆ ಅಂತ ಸ್ಕ್ಯಾನಲ್ಲಿ ಕಂಡಾಗ ತೆಗೀಬೇಕು, ಹೊಸ ಔಷಧಿ ಶುರು ಮಾಡಿದ್ಮೇಲೆ ಅಲ್ಲ.

ಆಪರೇಷನ್ ಆದೋರು ಉಲ್ಟಾ, ಕಾಯ್ಬೇಕು. ಕೊಯ್ದ ಜಾಗದ ಒಳ್ಳೇ ಕೋಶಗಳಿಂದ ರಾಶಿ ಡಿಎನ್‌ಎ ರಕ್ತಕ್ಕೆ ಬರತ್ತೆ, ಕೆಲವು ವಾರ ಆ ಪ್ರವಾಹ ಇಳಿಯಲ್ಲ, ಉಳಿದ ಕ್ಯಾನ್ಸರಿನ ಒಂದೆರಡು ಚೂರು ಇದ್ರೂ ಅದ್ರೊಳಗೆ ಮುಳುಗಿ ಹೋಗತ್ತೆ. ಕರುಳಿನ ಕ್ಯಾನ್ಸರಿನ ಎರಡನೇ ಹಂತದಲ್ಲಿ ನಡೆದ ಡೈನಾಮಿಕ್ ಅನ್ನೋ ಅಧ್ಯಯನದಲ್ಲಿ ಆಪರೇಷನ್ ಆಗಿ 4ನೇ ವಾರ ಒಮ್ಮೆ, 7ನೇ ವಾರ ಒಮ್ಮೆ ರಕ್ತ ತೆಗೆದ್ರು. 2022ರಲ್ಲಿ ಬಂದ ಫಲಿತಾಂಶದಲ್ಲಿ, ರಕ್ತ ನೋಡಿ ಕೀಮೋ ಬೇಕಾ ಬೇಡ್ವಾ ಅಂತ ತೀರ್ಮಾನಿಸಿದ ಗುಂಪಲ್ಲಿ ಶೇಕಡಾ 15 ಜನಕ್ಕೆ ಮಾತ್ರ ಕೀಮೋ ಕೊಟ್ಟಿದ್ದು, ಮಾಮೂಲಿ ಪದ್ಧತಿಯ ಗುಂಪಲ್ಲಿ ಶೇಕಡಾ 28, ಎರಡು ವರ್ಷದ ನಂತರ ರೋಗ ಮರುಕಳಿಸದೇ ಇದ್ದೋರ ಪ್ರಮಾಣ ಎರಡೂ ಕಡೆ ಹತ್ತಿರತ್ತಿರ ಒಂದೇ. ನೋಡಿ, ಹೊತ್ತು ಗೊತ್ತು ನೋಡಿ ಮಾಡಿದ್ರೆ ಇದೇ ಟೆಸ್ಟು ಎಷ್ಟು ಕೆಲ್ಸಕ್ಕೆ ಬರತ್ತೆ.

ಜ್ವರ, ದೊಡ್ಡ ಇನ್ಫೆಕ್ಷನ್ ಇದ್ದಾಗ್ಲೂ ಒಳ್ಳೇ ಡಿಎನ್‌ಎ ಜಾಸ್ತಿ ಆಗತ್ತೆ. ಮೈಮುರಿಯೋ ವ್ಯಾಯಾಮ ಮಾಡಿದ್ರೂ ಅಷ್ಟೇ. ಹಾಗಂತ ವಿರಾರ್ ಲೋಕಲ್ ಹತ್ತಿ ಇಳಿದು ಬಂದಿದ್ದೂ ವ್ಯಾಯಾಮವೇ ಅಂತ ಹೆದರ್ಬೇಡಿ, ಹತ್ತು ನಿಮಿಷ ಕೂತು ಸುಧಾರಿಸ್ಕೊಂಡು ಕೊಡಿ ಸಾಕು.

ಟ್ಯೂಬು. ಇಲ್ಲೇ ಅರ್ಧ ಕತೆ ಮುಗಿಯೋದು

ಮಾವನ ರಿಪೋರ್ಟ್ ತೆಗೆದು ನಾನು ಮೊದ್ಲು ನೋಡಿದ್ದು ಫಲಿತಾಂಶ ಅಲ್ಲ, ಮೇಲ್ಗಡೆ ಸಣ್ಣಕ್ಷರದಲ್ಲಿ ಇದ್ದ ಎರಡು ತಾರೀಕು. ರಕ್ತ ತೆಗೆದಿದ್ದು ಶನಿವಾರ ಸಂಜೆ. ಲ್ಯಾಬಿಗೆ ಸೇರಿದ್ದು ಸೋಮವಾರ ಬೆಳಿಗ್ಗೆ. ಅತ್ತೇನ ಕೇಳಿದೆ, ಟ್ಯೂಬಿನ ಮುಚ್ಚಳ ಯಾವ ಬಣ್ಣ ಇತ್ತು ಅಂತ, ಬದನೆಕಾಯಿ ಬಣ್ಣ ಅಂದ್ರು. ಅಲ್ಲಿಗೆ ನಂಗೆ ಗೊತ್ತಾಯ್ತು.

ನೇರಳೆ ಮುಚ್ಚಳದ್ದು ಇಡಿಟಿಎ ಟ್ಯೂಬು, ಮಾಮೂಲಿ ರಕ್ತಪರೀಕ್ಷೆಗೆ ಬಳಸೋದು. ಈ ಟೆಸ್ಟಿಗೂ ಅದು ತಪ್ಪಲ್ಲ, ಆದ್ರೆ ತೆಗೆದ ನಾಲ್ಕು ಗಂಟೆಯೊಳಗೆ, ತೀರಾ ಅಂದ್ರೆ ಆರು ಗಂಟೆಯೊಳಗೆ ಪ್ಲಾಸ್ಮಾ, ಅಂದ್ರೆ ರಕ್ತಕಣ ಬಿಟ್ಟು ಉಳಿಯೋ ಹಳದಿ ನೀರು, ಬೇರ್ಪಡಿಸ್ಬೇಕು. ಇಲ್ಲಾಂದ್ರೆ ಟ್ಯೂಬೊಳಗೇ ಬಿಳಿ ಕಣಗಳು ಒಡೆಯೋಕೆ ಶುರು, ಅವುಗಳ ಡಿಎನ್‌ಎ ಎಲ್ಲಾ ಪ್ಲಾಸ್ಮಾಕ್ಕೆ ಸುರಿಯತ್ತೆ. ಸಾರಿಗೆ ಉಪ್ಪು ಹದವಾಗಿ ಹಾಕಿ ಆಮೇಲೆ ಹತ್ತು ಚೊಂಬು ನೀರು ಹೊಯ್ದಂಗೆ. ಉಪ್ಪು ಎಲ್ಲೂ ಹೋಗಿಲ್ಲ, ನಾಲಿಗೆಗೆ ಸಿಗಲ್ಲ. ಗಡ್ಡೆಯ ಡಿಎನ್‌ಎ ಶೇಕಡಾ 1 ಇದ್ದಿದ್ದು, ಒಳ್ಳೇ ಡಿಎನ್‌ಎ ಹತ್ತು ಪಟ್ಟು ಜಾಸ್ತಿ ಆದ್ರೆ ಶೇಕಡಾ 0.1ಕ್ಕೆ ಬಂತು, ಮೆಷಿನ್ ಕಣ್ಣಿಗೆ ಬೀಳೋ ಗೆರೆಯಿಂದ ಕೆಳಗೆ ಹೋಯ್ತು.

ಇದಕ್ಕೇ ಅಂತ ಬೇರೆ ಟ್ಯೂಬ್ ಬರತ್ತೆ. ಒಳಗಡೆ ಬಿಳಿ ಕಣ ಒಡೆಯದ ಹಾಗೆ ಹಿಡಿದಿಡೋ ಔಷಧಿ ಇರತ್ತೆ. ಸ್ಟ್ರೆಕ್ ಕಂಪನಿಯದ್ದು ಜಾಸ್ತಿ ಕಾಣೋದು, ಮುಚ್ಚಳ ಹುಲಿವೇಷದ ಪಟ್ಟೆ ಥರ ಇರತ್ತೆ, ನೋಡಿದ್ರೆ ಮರೆಯಲ್ಲ. ಅದ್ರಲ್ಲಿ ಕಂಪನಿ ಹೇಳೋ ಪ್ರಕಾರ 6ರಿಂದ 37 ಡಿಗ್ರಿ ಒಳಗಿದ್ರೆ 14 ದಿನ ತನಕ ಇಡಬೋದು. ಬೇರೆ ಕಂಪನಿ ಟ್ಯೂಬ್‌ಗಳೂ ಇವೆ, ಅವುಗಳ ದಿನದ ಲೆಕ್ಕ ಬೇರೆ. ಹಾಗಾಗಿ ಮನೆಗೆ ರಕ್ತ ತೆಗೆಯೋಕೆ ಬಂದ ಹುಡುಗನಿಗೆ ಮೊದ್ಲು ಕೇಳಬೇಕಾದ್ದು ಇದು, "ಯಾವ ಟ್ಯೂಬ್ ತಂದಿದ್ದೀಯಪ್ಪಾ, ಇದು ಎಷ್ಟು ಹೊತ್ತಿಗೆ ಲ್ಯಾಬ್ ಸೇರತ್ತೆ?" ಅವನು ಇದೂ ಸಕ್ಕರೆ ಖಾಯಿಲೆ ಟೆಸ್ಟೇ ಅನ್ನೋ ಥರ ಮುಖ ಮಾಡಿದ್ರೆ ಕೂತ್ಕೊಳ್ಳಿಸಿ ಲ್ಯಾಬಿಗೆ ಫೋನ್ ಹಚ್ಚಿ.

ಟ್ಯೂಬ್ ಸರಿ ಇದ್ರೂ ಕೆಡಿಸೋಕೆ ದಾರಿ ಬೇಕಾದಷ್ಟಿದೆ. ಮೊದಲ್ನೇದು, ಪೂರ್ತಿ ತುಂಬಿಸ್ಬೇಕು, ಗೆರೆ ತನಕ. ಅರ್ಧ ತುಂಬಿದ್ರೆ ಒಳಗಿನ ಔಷಧಿ ಮತ್ತು ರಕ್ತದ ಅಳತೆ ತಪ್ಪತ್ತೆ, ಪ್ಲಾಸ್ಮಾನೂ ಕಮ್ಮಿ. ತೆಗೆದ ತಕ್ಷಣ ಎಂಟು ಹತ್ತು ಸಲ ಮೆಲ್ಲಗೆ ತಲೆಕೆಳಗೆ ಮಾಡ್ಬೇಕು, ಕಾಫಿ ಬೆರೆಸೋ ಥರ ಅಲ್ಲಾಡಿಸೋದಲ್ಲ. ಜೋರಾಗಿ ಅಲ್ಲಾಡಿಸಿದ್ರೆ ಕೆಂಪು ಕಣ ಒಡೆದು ಪ್ಲಾಸ್ಮಾ ಗುಲಾಬಿ ಆಗತ್ತೆ. ಹೆಪಾರಿನ್ ಅನ್ನೋ ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ಔಷಧಿ ಹಾಕಿದ ಹಸಿರು ಮುಚ್ಚಳದ ಟ್ಯೂಬು ಬೇಡವೇ ಬೇಡ, ಅದು ಪಿಸಿಆರ್ ಅನ್ನೇ, ಅಂದ್ರೆ ಡಿಎನ್‌ಎ ನಕಲು ಮಾಡಿ ಹೆಚ್ಚಿಸೋ ವಿಧಾನವನ್ನೇ ತಡೆಯತ್ತೆ. ಕೀಮೋಗೆ ಅಂತ ಚರ್ಮದ ಕೆಳಗೆ ಪೋರ್ಟ್ ಹಾಕಿಸ್ಕೊಂಡೋರಿಗೆ ಹೆಪಾರಿನ್ ಹಾಕಿ ತೊಳೆದಿರ್ತಾರೆ, ಅದ್ರಿಂದ ತೆಗೆಯೋದಾದ್ರೆ ಮೊದಲ ರಕ್ತ ಚೆಲ್ಲಿ ಆಮೇಲಿನದ್ದು ತಗೋಬೇಕು, ಆದ್ರೆ ಕೈಯಿಂದಾನೇ ತೆಗೆಸೋದು ಒಳ್ಳೇದು. ರಕ್ತ ಹೆಪ್ಪುಗಟ್ಟಿಸಿ ತೆಗೆಯೋ ಸೀರಮ್ಮೂ ಬೇಡ, ಹೆಪ್ಪುಗಟ್ಟುವಾಗ್ಲೇ ಬಿಳಿ ಕಣ ಒಡೆದಿರತ್ತೆ.

ಎರಡನೇದು ಐಸು. ಇದರಲ್ಲಿ ನಮ್ಮ ಜನ ತುಂಬಾ ಒಳ್ಳೇ ಮನಸ್ಸಿಂದ ತಪ್ಪು ಮಾಡ್ತಾರೆ. ರಕ್ತ ಅಂದ್ಮೇಲೆ ತಣ್ಣಗಿರ್ಬೇಕು ಅಂತ ಟ್ಯೂಬನ್ನ ಐಸ್ ಪ್ಯಾಕಿಗೆ ಒತ್ತಿ ಇಡೋದು, ಫ್ರೀಜರಲ್ಲಿ ಮೀನಿನ ಪಕ್ಕ ಇಡೋದು. ರಕ್ತ ಐಸಿನ ಥರ ಗಟ್ಟಿ ಆದ್ರೆ ಕಣ ಎಲ್ಲಾ ಒಡೆದ್ಹೋಯ್ತು, ಮುಗೀತು. ವಿಶೇಷ ಟ್ಯೂಬನ್ನ ಮನೆ ತಾಪಮಾನದಲ್ಲಿ ಇಟ್ರೆ ಸಾಕು. ಉಲ್ಟಾನೂ ಆಗತ್ತೆ, ಮೇ ತಿಂಗಳ ಬಿಸಿಲಲ್ಲಿ ಅಂಧೇರಿಯಲ್ಲಿ ಸ್ಕೂಟರ್ ಡಿಕ್ಕಿಯೊಳಗೆ ಮೂರು ಗಂಟೆ ಬಿಟ್ರೆ 37 ಡಿಗ್ರಿ ಯಾವಾಗ್ಲೋ ದಾಟಿರತ್ತೆ. ಮಳೆಗಾಲದಲ್ಲಿ ಇನ್ನೊಂದು, ಹಿಂದ್‌ಮಾತಾದಲ್ಲಿ ನೀರು ತುಂಬಿದ್ರೆ ಪರೇಲಿಂದ ಹೊರಟ ಹುಡುಗ ಎಲ್ಲಿ ಸಿಕ್ಕಿ ಬೀಳ್ತಾನೆ ಯಾವಾಗ ಸೇರ್ತಾನೆ ದೇವ್ರಿಗೇ ಗೊತ್ತು, ಅಂಥಾ ದಿನ ನೇರಳೆ ಟ್ಯೂಬಲ್ಲಿ ಕೊಡ್ಲೇಬೇಡಿ. ಗೋವಾದಲ್ಲಿರೋರಿಗೆ, ಪುಣೆಯ ಹೊರವಲಯದಲ್ಲಿರೋರಿಗೆ ಸ್ಯಾಂಪಲ್ ಮುಂಬೈಗೋ ಬೆಂಗಳೂರಿಗೋ ದಿಲ್ಲಿ ಕಡೆಗೋ ಕೊರಿಯರಲ್ಲಿ ಹೋಗೋದೇ ಜಾಸ್ತಿ, ಅವ್ರು ಶನಿವಾರ ಕೊಡೋದನ್ನ ಬಿಟ್ಟು ಸೋಮವಾರ ಮಂಗಳವಾರ ಕೊಟ್ರೆ ಭಾನುವಾರದ ಗೋಡೌನ್ ವಾಸ ತಪ್ಪತ್ತೆ.

ಮಾವನಿಗೆ ಮತ್ತೆ ರಕ್ತ ಕೊಡ್ಸಿದ್ವಿ. ಆ ಲ್ಯಾಬೋರು ಮೊದ್ಲು ನಮ್ದೇನೂ ತಪ್ಪಿಲ್ಲ ಅಂತ ವಾದ ಮಾಡಿದ್ರು, ನಾನು ತೆಗೆದ ಹೊತ್ತು ಸೇರಿದ ಹೊತ್ತು ಎರಡೂ ನಿಮ್ಮ ಕಾಗದದಲ್ಲೇ ಇದೆ ಸಾರ್ ಅಂದ್ಮೇಲೆ ದುಡ್ಡಿಲ್ದೇ ಮರು ಪರೀಕ್ಷೆಗೆ ಒಪ್ಕೊಂಡ್ರು. ಈ ಸಲ ಹುಲಿಪಟ್ಟೆ ಟ್ಯೂಬು ಎರಡು, ಮಂಗಳವಾರ ಬೆಳಿಗ್ಗೆ. ಹನ್ನೊಂದು ದಿನ ಬಿಟ್ಟು ಬಂತು, ಇಜಿಎಫ್‌ಆರ್ ಎಕ್ಸಾನ್ 19 ಡಿಲೀಷನ್, ಅಂದ್ರೆ ಆ ಜೀನಿನ ಒಂದು ಚೂರು ಕಳಚಿಹೋದ ಮ್ಯುಟೇಷನ್, ಅದಿರೋ ಪ್ರತಿಗಳು ಶೇಕಡಾ 0.8. ಅದೇ ಮನುಷ್ಯ, ಅದೇ ರೋಗ. ಈಗ ಆ ಮ್ಯುಟೇಷನ್‌ಗೆ ಕೊಡೋ ಒಸಿಮರ್ಟಿನಿಬ್ ಮಾತ್ರೆ ತಿಂತಿದ್ದಾರೆ.

ಲ್ಯಾಬ್ ಒಳಗೆ ಏನಾಗತ್ತೆ

ಇಲ್ಲಿ ನಿಮ್ಮ ಕೈಯಲ್ಲಿ ಏನೂ ಇಲ್ಲ, ಚುಟುಕಾಗಿ ಹೇಳ್ತೀನಿ. ರಕ್ತವನ್ನ ಎರಡು ಸಲ ತಿರುಗಿಸ್ಬೇಕು, ಮೊದ್ಲು ನಿಧಾನ, ಸಾಮಾನ್ಯವಾಗಿ 1600 ಜಿ ವೇಗದಲ್ಲಿ ಹತ್ತು ನಿಮಿಷ, ಮೇಲಿನ ಹಳದಿ ಪ್ಲಾಸ್ಮಾ ತೆಗೆದು ಇನ್ನೊಂದ್ಸಲ ಜೋರಾಗಿ, 16000 ಜಿ ಹತ್ತಿರ. ಎರಡನೇ ಸಲ ಬಿಟ್ರೆ ಉಳಿದ ಕಣಗಳು ಜೊತೇಲೇ ಬಂದು ಕೆಡಿಸ್ತವೆ. ಪ್ಲಾಸ್ಮಾ ತೆಗೆಯುವಾಗ ಕೆಳಗಿನ ಬಿಳಿ ಪದರಕ್ಕೆ ಪಿಪೆಟ್ ತಾಗಬಾರ್ದು, ಆಸೆಬುರುಕರು ಕೊನೇ ಹನಿ ತನಕ ಎಳೀತಾರೆ, ನಮ್ಮ ಹಿರಿಯ ಟೆಕ್ನಿಷಿಯನ್ ಒಬ್ರು ಅದಕ್ಕೆ "ಮೊಸರು ಕೆನೆ ಮುಟ್ಬೇಡ" ಅಂತ ಬೈತಿದ್ರು.

ಆಮೇಲೆ ಯಾವ ವಿಧಾನ ಅಂತ. ಪಿಸಿಆರ್, ಡಿಜಿಟಲ್ ಪಿಸಿಆರ್ ಆದ್ರೆ ಮೊದಲೇ ಗೊತ್ತಿರೋ ಕೆಲವೇ ಮ್ಯುಟೇಷನ್ ಹುಡುಕತ್ತೆ, ಬೇಗ ಸಿಗತ್ತೆ, ಅಗ್ಗ, ಡಿಜಿಟಲ್ ಆದ್ರೆ ತುಂಬಾ ಸಣ್ಣ ಪ್ರಮಾಣನೂ ಹಿಡಿಯತ್ತೆ. ಎನ್‌ಜಿಎಸ್ ಅನ್ನೋ ಡಿಎನ್‌ಎ ಅಕ್ಷರ ಅಕ್ಷರ ಓದೋ ವಿಧಾನ ಆದ್ರೆ ಹತ್ತಾರು ನೂರಾರು ಜೀನ್. ನಿಮ್ಮ ಮ್ಯುಟೇಷನ್ ಆ ಪಟ್ಟೀಲೇ ಇಲ್ಲಾಂದ್ರೆ ಪಿಸಿಆರ್ ನೆಗೆಟಿವ್ ಅನ್ನತ್ತೆ, ಅದು ಸುಳ್ಳೂ ಅಲ್ಲ ನಿಜವೂ ಅಲ್ಲ. ಎಎಲ್‌ಕೆ, ಆರ್‌ಓಎಸ್1 ಥರ ಎರಡು ಜೀನ್ ಅಂಟಿಕೊಳ್ಳೋ ಜಾತಿಯ ಬದಲಾವಣೆ, ಒಂದು ಜೀನಿನ ಪ್ರತಿಗಳು ಜಾಸ್ತಿ ಆಗೋ ಜಾತಿ, ಇವೆರಡನ್ನೂ ರಕ್ತದಲ್ಲಿ ಹಿಡಿಯೋದು ಸಣ್ಣ ಮ್ಯುಟೇಷನ್‌ಗಿಂತ ಕಷ್ಟ.

ಹಂಡೆ ಪಾಯಸದಲ್ಲಿ ಮೂರು ಗೋಡಂಬಿ

ಎಲ್ಲಾ ಸರಿಯಾಗಿ ಮಾಡಿದ್ರೂ ಒಂದು ಲೆಕ್ಕದಿಂದ ತಪ್ಪಿಸ್ಕೊಳ್ಳೋಕೆ ಆಗಲ್ಲ, ಇದು ನನ್ನ ಪ್ರಕಾರ ಎಲ್ರೂ ತಿಳ್ಕೊಳ್ಬೇಕಾದ್ದು, ಆದ್ರೆ ಯಾರೂ ಹೇಳಲ್ಲ. ಮಾವನಿಗೆ ನಾನು ಹೇಳಿದ್ದು ಹೀಗೆ. ಮದುವೆ ಮನೆ ಹಂಡೆ ಪಾಯಸ, ಅದ್ರಲ್ಲಿ ಗೋಡಂಬಿ ಹಾಕಿದ್ದು ಕೆಲವೇ. ನೀವು ಒಂದು ಸೌಟು ತೆಗೆದ್ರಿ, ಗೋಡಂಬಿ ಬರ್ಲಿಲ್ಲ. ಹಾಕೇ ಇಲ್ಲ ಅಂತ ಅಡುಗೆ ಭಟ್ಟರ ಜೊತೆ ಜಗಳಕ್ಕೆ ಹೋಗೋಕಾಗತ್ತಾ? ಮಾವ ಅಂದ್ರು, "ಸೌಟು ದೊಡ್ಡದು ತಗೊಳ್ಬೇಕು." ಅಷ್ಟೇ ವಿಷ್ಯ.

ಈಗ ನಿಜವಾದ ಲೆಕ್ಕ. 10 ಎಂಎಲ್ ರಕ್ತದಿಂದ ಸುಮಾರು 4ರಿಂದ 5 ಎಂಎಲ್ ಪ್ಲಾಸ್ಮಾ ಸಿಗತ್ತೆ. ಒಂದು ನ್ಯಾನೋಗ್ರಾಂ ಡಿಎನ್‌ಎಯಲ್ಲಿ ಒಂದೊಂದು ಜೀನಿನ ಸುಮಾರು 300 ಪ್ರತಿ ಇರತ್ತೆ. ಒಟ್ಟು 10 ನ್ಯಾನೋಗ್ರಾಂ ಸಿಕ್ತು ಅಂತಿಟ್ಕೊಳ್ಳಿ, 3000 ಪ್ರತಿ. ಗಡ್ಡೆಯ ಪಾಲು ಶೇಕಡಾ 0.1 ಅಂದ್ರೆ ಆ ಟ್ಯೂಬಲ್ಲಿ ಇರೋದು ಬರೀ ಮೂರು ಚೂರು. ಮೆಷಿನಿಗೆ ಹಾಕೋ ತಯಾರೀಲಿ ಅರ್ಧ ಕಳ್ದೋಗತ್ತೆ ಅಂದ್ರೆ ಸರಾಸರಿ ಒಂದೂವರೆ, ಆಗ ಐದು ಸಲ ಮಾಡಿದ್ರೆ ಒಂದ್ಸಲ ಒಂದೂ ಸಿಗದೇ ಹೋಗೋದು ಮಾಮೂಲಿ. ಮೆಷಿನ್ ಎಷ್ಟು ಕೋಟಿ ರೂಪಾಯಿದು ಆದ್ರೂ ಇಲ್ಲದ ಗೋಡಂಬಿ ಹುಟ್ಟಿಸಲ್ಲ. ಅದಕ್ಕೇ ಎರಡು ಟ್ಯೂಬ್ ತೆಗೀಬೇಕು ಅಂದಾಗ "ಯಾಕಪ್ಪಾ ಇಷ್ಟೊಂದು ರಕ್ತ" ಅಂತ ಒಂದಕ್ಕೆ ಇಳಿಸೋಕೆ ಹೋಗ್ಬೇಡಿ.

ರಿಪೋರ್ಟ್ ಬಂತು, ಈಗ ಎಲ್ಲಿಂದ ಓದೋದು

ದಪ್ಪಕ್ಷರದ ಫಲಿತಾಂಶ ಕೊನೇಲಿ ಓದಿ. ಮೊದ್ಲು ರಕ್ತ ತೆಗೆದ ತಾರೀಕು ಹೊತ್ತು, ಲ್ಯಾಬ್ ಸೇರಿದ್ದು, ಟ್ಯೂಬ್ ಯಾವ್ದು. ಆಮೇಲೆ ಪ್ಲಾಸ್ಮಾ ಎಷ್ಟು ಎಂಎಲ್, ಡಿಎನ್‌ಎ ಎಷ್ಟು ನ್ಯಾನೋಗ್ರಾಂ ಸಿಕ್ತು. ಆಮೇಲೆ ಎಲ್‌ಒಡಿ ಅಂತ ಇರತ್ತೆ, ಎಷ್ಟು ಸಣ್ಣ ಪ್ರಮಾಣದ ತನಕ ಈ ಟೆಸ್ಟು ಹಿಡಿಯತ್ತೆ ಅಂತ. ಅದನ್ನ ಲ್ಯಾಬೋರು ಒಳ್ಳೇ ಪ್ರಮಾಣದ ಡಿಎನ್‌ಎ ಇಟ್ಕೊಂಡು ಲೆಕ್ಕ ಹಾಕಿರ್ತಾರೆ, ನಿಮ್ಮದು ಅದಕ್ಕಿಂತ ಕಮ್ಮಿ ಸಿಕ್ಕಿದ್ರೆ ಆ ಸಂಖ್ಯೆ ನಿಮಗೆ ಅನ್ವಯ ಆಗಲ್ಲ. ಕೆಲವು ರಿಪೋರ್ಟಲ್ಲಿ ಟ್ಯೂಮರ್ ಫ್ರಾಕ್ಷನ್ ಅಂತ ಕೊಡ್ತಾರೆ, ಗಡ್ಡೆಯ ಪಾಲು ಒಟ್ಟು ಎಷ್ಟು ಅಂತ, ಅದು ಶೇಕಡಾ 1ರ ಮೇಲಿದ್ದು ನೆಗೆಟಿವ್ ಬಂದಿದ್ರೆ ಆ ನೆಗೆಟಿವ್‌ಗೆ ತೂಕ ಇದೆ. ಇವು ಯಾವ್ದೂ ಬರೀದೇ ಬರೀ ಬಣ್ಣಬಣ್ಣದ ಚಿತ್ರ ಹಾಕಿ ಇಪ್ಪತ್ತು ಪುಟ ಮಾಡಿರೋ ರಿಪೋರ್ಟ್ ನೋಡಿದ್ರೆ ನಂಗೆ ಅನುಮಾನ ಶುರುವಾಗತ್ತೆ.

ಲ್ಯಾಬ್‌ಗಳಿಗೆ ಮಾನ್ಯತೆ ಕೊಡೋ ಎನ್‌ಎಬಿಎಲ್ ಗುರುತು ಇದ್ರೆ ಸಾಕು ಅಂದ್ಕೋಬೇಡಿ. ಲ್ಯಾಬಿಗೆ ಮಾನ್ಯತೆ ಇರಬೋದು, ಈ ಟೆಸ್ಟು ಅದರ ಸ್ಕೋಪ್ ಪಟ್ಟೀಲಿ, ಅಂದ್ರೆ ಮಾನ್ಯತೆ ಸಿಕ್ಕಿರೋ ಟೆಸ್ಟುಗಳ ಪಟ್ಟೀಲಿ ಇದ್ಯಾ ಅಂತ ಕೇಳಿ. ಮತ್ತೆ ಕೌಂಟರಲ್ಲಿ ಬೋರ್ಡ್ ಹಾಕಿರೋ ಲ್ಯಾಬೇ ಮಾಡತ್ತಾ, ಬೇರೆ ಊರಿಗೆ ಕಳಿಸತ್ತಾ ಅಂತಾನೂ ಕೇಳಿ. ಕಳಿಸಿದ್ರೆ ತಪ್ಪೇನಿಲ್ಲ, ಗೊತ್ತಿರ್ಬೇಕು ಅಷ್ಟೇ.

ನೆಗೆಟಿವ್ ಬಂದ್ರೆ

ತುಂಡು ತೆಗೆದು ನೋಡೋ ಬಯಾಪ್ಸಿಗೆ ವಾಪಸ್ ಹೋಗೋದು, ಆಗೋದಾದ್ರೆ. ಒಸಿಮರ್ಟಿನಿಬ್‌ಗಿಂತ ಹಳೇ ಇಜಿಎಫ್‌ಆರ್ ಮಾತ್ರೆ ಕೆಲ್ಸ ಬಿಟ್ಟಾಗ ರಕ್ತದಲ್ಲಿ ಟಿ790ಎಂ ಅನ್ನೋ ಮ್ಯುಟೇಷನ್ ನೋಡಿ, ಸಿಗ್ಲಿಲ್ಲಾಂದ್ರೆ ತುಂಡಲ್ಲಿ ನೋಡಿ ಅನ್ನೋದು ವರ್ಷಗಳಿಂದ ಇರೋ ಪದ್ಧತಿ. ಇನ್ನೊಂದು ಕಾರಣನೂ ಇದೆ, ಕೆಲವು ಸಲ ಶ್ವಾಸಕೋಶದ ಕ್ಯಾನ್ಸರ್ ತನ್ನ ಜಾತೀನೇ ಬದಲಾಯಿಸಿ ಸ್ಮಾಲ್ ಸೆಲ್ ಅನ್ನೋ ಬೇರೆ ಥರದ ಕ್ಯಾನ್ಸರ್ ಆಗಿಬಿಡತ್ತೆ, ಅದನ್ನ ಸೂಕ್ಷ್ಮದರ್ಶಕದಲ್ಲಿ ತುಂಡು ನೋಡಿದ್ರೇನೇ ಖಾತ್ರಿ ಆಗೋದು. ತುಂಡು ತೆಗೆಯೋಕೆ ಸಾಧ್ಯವೇ ಇಲ್ಲ ಅನ್ನೋ ಜಾಗದಲ್ಲಿದ್ರೆ ಕೆಲವು ವಾರ ಬಿಟ್ಟು ಮತ್ತೆ ರಕ್ತ. ಅದು ಡಾಕ್ಟ್ರ ತೀರ್ಮಾನ.

ಪಾಸಿಟಿವ್ ಬಂದ್ರೂ ಒಂದು ಪ್ರಶ್ನೆ ಬಾಕಿ

ಜನ ನೆಗೆಟಿವ್‌ಗೆ ಮಾತ್ರ ಅನುಮಾನ ಪಡ್ತಾರೆ. ವಯಸ್ಸಾದೋರ ಮೂಳೆಮಜ್ಜೆಯಲ್ಲಿ ರಕ್ತ ಹುಟ್ಟಿಸೋ ಕೋಶಗಳಲ್ಲೇ ಒಂದಷ್ಟು ಮ್ಯುಟೇಷನ್ ಸೇರ್ಕೊಂಡಿರತ್ತೆ, ಕೂದಲು ಬಿಳಿ ಆದಂಗೆ, ಎಪ್ಪತ್ತು ದಾಟಿದೋರಲ್ಲಿ ಇದು ಅಪರೂಪ ಅಲ್ಲ. ಚಿಪ್ ಅಂತಾರೆ ಇದನ್ನ. ಪ್ಲಾಸ್ಮಾದಲ್ಲಿ ಇರೋದೇ ಜಾಸ್ತಿ ಬಿಳಿ ಕಣದ ಡಿಎನ್‌ಎ ಅಂತ ಮೊದ್ಲೇ ಹೇಳಿದ್ನಲ್ಲ, ಹಾಗಾಗಿ ಆ ಮ್ಯುಟೇಷನ್ನೂ ರಿಪೋರ್ಟಲ್ಲಿ ಬಂದು ಕೂರತ್ತೆ, ಗಡ್ಡೆದು ಅನ್ನೋ ಥರ. ಡಿಎನ್‌ಎಂಟಿ3ಎ, ಟೆಟ್2, ಎಎಸ್‌ಎಕ್ಸ್‌ಎಲ್1 ಅನ್ನೋ ಹೆಸರು ಕಂಡ್ರೆ ಹೆಚ್ಚಿನಪಾಲು ಇದೇ. ಟಿಪಿ53 ಎರಡೂ ಕಡೆಯದ್ದು ಆಗಬೋದು. ಪ್ರಾಸ್ಟೇಟ್ ಕ್ಯಾನ್ಸರಲ್ಲಿ ಎಟಿಎಂ, ಬ್ಯಾಂಕಿಂದಲ್ಲ, ಆ ಹೆಸರಿನ ಜೀನ್, ಮತ್ತೆ ಚೆಕ್2, ಇವು ಕಂಡ್ರೆ ಮಾತ್ರೆ ಶುರು ಮಾಡೋ ಮಾತು ಬರತ್ತೆ, ಅದು ನಿಜವಾಗ್ಲೂ ಗಡ್ಡೆದಾ ಮಜ್ಜೆದಾ ಅಂತ ಖಾತ್ರಿ ಮಾಡ್ಕೊಳ್ಳದೇ ದುಬಾರಿ ಮಾತ್ರೆ ತಿನ್ನೋದು ಸುಮ್ನೆ. ಖಾತ್ರಿ ಮಾಡೋ ದಾರಿ ಸುಲಭ, ಅದೇ ಟ್ಯೂಬಿನ ಬಿಳಿ ಕಣಗಳನ್ನೂ ಜೊತೆಗೆ ಓದಿಸೋದು, ಎರಡರಲ್ಲೂ ಇದ್ರೆ ಗಡ್ಡೆದಲ್ಲ. ಲ್ಯಾಬನ್ನ ಕೇಳಿ, "ಬಿಳಿ ಕಣ ಜೋಡಿಯಾಗಿ ಓದ್ತೀರಾ?"

ಮ್ಯುಟೇಷನ್ ಪ್ರಮಾಣ ಶೇಕಡಾ 50ರ ಹತ್ತಿರ ಬಂದಿದ್ರೆ ಇನ್ನೊಂದು ಅನುಮಾನ, ಹುಟ್ಟಿನಿಂದ ಬಂದಿದ್ದಿರಬೋದು, ಬಿಆರ್‌ಸಿಎ ಅನ್ನೋ ಜೀನಲ್ಲಿ ಆಗೋ ಥರ. ಆಗ ಬೇರೆ ಟೆಸ್ಟಿಂದ ಖಚಿತ ಮಾಡ್ಕೋಬೇಕು, ಯಾಕಂದ್ರೆ ಆ ವಿಷ್ಯ ಮಕ್ಕಳಿಗೆ, ತಂಗಿಯರಿಗೆ, ಅಣ್ಣನ ಮಕ್ಕಳಿಗೂ ಸಂಬಂಧ ಪಟ್ಟಿದ್ದು.

ಮತ್ತೆ ಮತ್ತೆ ಮಾಡಿಸೋರು

ಒಂದೇ ಲ್ಯಾಬ್, ಒಂದೇ ಟೆಸ್ಟ್, ಒಂದೇ ಥರದ ಟ್ಯೂಬ್. ಜನವರೀಲಿ ಒಂದು ಕಡೆ ಏಪ್ರಿಲಲ್ಲಿ ಡಿಸ್ಕೌಂಟ್ ಸಿಕ್ತು ಅಂತ ಇನ್ನೊಂದು ಕಡೆ ಮಾಡಿಸಿ ಎರಡು ಸಂಖ್ಯೆ ಅಕ್ಕಪಕ್ಕ ಇಟ್ರೆ ಅದಕ್ಕೆ ಅರ್ಥ ಇಲ್ಲ. ಮೊದ್ಲು 0.3 ಇತ್ತು ಈಗ 0.5 ಆಯ್ತು ಅಂತ ರಾತ್ರಿ ನಿದ್ದೆ ಬಿಡ್ಬೇಡಿ, ಗೋಡಂಬಿ ಲೆಕ್ಕ ನೆನಪಿಸ್ಕೊಳ್ಳಿ, ಎರಡು ಸೌಟಲ್ಲಿ ಒಂದೇ ಸಂಖ್ಯೆ ಬರಲ್ಲ. 0.3 ಇದ್ದಿದ್ದು 6 ಆದ್ರೆ ಬೇರೆ ಮಾತು, ಸ್ಕ್ಯಾನ್ ಜೊತೆ ಇಟ್ಟು ನೋಡ್ತಾರೆ.

ಏನೂ ಇಲ್ಲದೋರಿಗೆ ಮಾರೋ ಪ್ಯಾಕೇಜು

ಸಿಟ್ಟು ಅಂದ್ನಲ್ಲ, ಇದೇ. ಒಂದು ಹನಿ ರಕ್ತದಲ್ಲಿ ಎಲ್ಲಾ ಕ್ಯಾನ್ಸರ್ ಪತ್ತೆ ಅಂತ ಸೊಸೈಟಿ ಗ್ರೂಪುಗಳಲ್ಲಿ ಫಾರ್ವರ್ಡ್ ಬರತ್ತೆ, ಸಮಾಜದ ಹೆಲ್ತ್ ಕ್ಯಾಂಪಲ್ಲೂ ಸ್ಟಾಲ್ ಹಾಕ್ತಾರೆ. ಲೆಕ್ಕಕ್ಕೆ ಅಂತ ಒಂದು ಟೆಸ್ಟ್ ತಗೊಳ್ಳಿ, ಕ್ಯಾನ್ಸರ್ ಇರೋರಲ್ಲಿ ಅರ್ಧ ಜನರನ್ನ ಹಿಡಿಯತ್ತೆ, ಇಲ್ಲದೋರಲ್ಲಿ ನೂರಕ್ಕೆ ಒಬ್ಬರಿಗೆ ಮಾತ್ರ ತಪ್ಪಾಗಿ ಪಾಸಿಟಿವ್ ಅನ್ನತ್ತೆ. ಕೇಳೋಕೆ ಚೆನ್ನಾಗಿದೆ. ಸಾವಿರ ಜನರಲ್ಲಿ 10 ಜನಕ್ಕೆ ಕ್ಯಾನ್ಸರ್ ಇದ್ರೆ 5 ಸಿಗ್ತಾರೆ, ಉಳಿದ 990ರಲ್ಲಿ ಹತ್ತಿರತ್ತಿರ 10 ಜನಕ್ಕೆ ಸುಳ್ಳೇ ಪಾಸಿಟಿವ್. ಅಂದ್ರೆ ಪಾಸಿಟಿವ್ ಬಂದ 15 ಜನರಲ್ಲಿ 10 ಜನ ಸುಮ್ನೆ ಸ್ಕ್ಯಾನ್ ಮೇಲೆ ಸ್ಕ್ಯಾನ್ ಮಾಡಿಸ್ಕೊಂಡು ಹೆದರ್ಕೊಂಡು ಓಡಾಡ್ತಾರೆ, ನಿಜವಾಗ್ಲೂ ಕ್ಯಾನ್ಸರ್ ಇದ್ದು ಟೆಸ್ಟಿಗೆ ಸಿಗದ ಇನ್ನು 5 ಜನ "ನಂದು ಕ್ಲಿಯರ್" ಅಂತ ಮನೇಲಿ ಕೂರ್ತಾರೆ.

ಕರುಳಿನ ಕ್ಯಾನ್ಸರಿಗೆ ಶೀಲ್ಡ್ ಅನ್ನೋ ರಕ್ತಪರೀಕ್ಷೆಗೆ 2024ರ ಜುಲೈನಲ್ಲಿ ಎಫ್‌ಡಿಎ ಒಪ್ಪಿಗೆ ಸಿಕ್ತು, ಅದು 45 ದಾಟಿದ ಸಾಮಾನ್ಯ ಜನಕ್ಕೆ. ಅದರ ಅಧ್ಯಯನದಲ್ಲಿ ಕ್ಯಾನ್ಸರ್ ಇದ್ದೋರಲ್ಲಿ ಶೇಕಡಾ 83 ಜನರನ್ನ ಹಿಡೀತು, ಆದ್ರೆ ಕ್ಯಾನ್ಸರ್ ಆಗೋಕೆ ಮುಂಚಿನ ದೊಡ್ಡ ಗಂಟುಗಳನ್ನ ಹಿಡಿದಿದ್ದು ಶೇಕಡಾ 13 ಮಾತ್ರ, ಪಾಸಿಟಿವ್ ಬಂದ್ರೆ ಕೊಲೊನೋಸ್ಕೋಪಿ ಹೇಗೂ ಮಾಡಿಸ್ಲೇಬೇಕು. ಒಂದೇ ಕ್ಯಾನ್ಸರಿಗೆ, ಅಷ್ಟು ದೊಡ್ಡ ಅಧ್ಯಯನ ಮಾಡಿದ ಟೆಸ್ಟೇ ಹೀಗಿರುವಾಗ ಎಲ್ಲಾ ಕ್ಯಾನ್ಸರ್ ಹಿಡೀತೀವಿ ಅನ್ನೋರನ್ನ ಕೇಳಿ, ನಿಮ್ಮ ಟೆಸ್ಟು ಮೊದಲ ಹಂತದ ಕ್ಯಾನ್ಸರಲ್ಲಿ ಎಷ್ಟು ಜನರನ್ನ ಹಿಡೀತು ಅಂತ. ಕರಪತ್ರದಲ್ಲಿ ಎಫ್‌ಡಿಎ ಬ್ರೇಕ್‌ಥ್ರೂ ಅಂತ ದೊಡ್ಡದಾಗಿ ಹಾಕಿದ್ರೆ ಅದೂ ಒಪ್ಪಿಗೆ ಅಲ್ಲ, ಪರಿಶೀಲನೇಲಿ ಸ್ವಲ್ಪ ಬೇಗ ಗಮನ ಕೊಡ್ತೀವಿ ಅಂತ ಅಷ್ಟೇ. ಬಾಯಿ ನೋಡಿಸ್ಕೊಳ್ಳೋದು, ಹೆಂಗಸರು ಗರ್ಭಕೊರಳಿನ ಪರೀಕ್ಷೆ, ಸ್ತನ ಪರೀಕ್ಷೆ ಮಾಡಿಸ್ಕೊಳ್ಳೋದು, ಇವು ಇನ್ನೂ ಮಾಡಿಸಿಲ್ಲ ಅಂದ್ರೆ ಆ ದುಡ್ಡನ್ನ ಮೊದ್ಲು ಅಲ್ಲಿ ಹಾಕಿ.

ಒಂದು ಸಣ್ಣ ವಿಷ್ಯ

ರಿಪೋರ್ಟ್ ಆದ್ಮೇಲೆ ಪ್ಲಾಸ್ಮಾ ಉಳಿದಿರತ್ತೆ ಕೆಲವು ಸಲ, ಮೈನಸ್ 80 ಡಿಗ್ರಿ ಫ್ರೀಜರಲ್ಲಿ ಇಟ್ಟಿರ್ತಾರೆ. ಎಷ್ಟು ದಿನ ಇಡ್ತೀರಾ, ಬೇರೆ ಟೆಸ್ಟ್ ಬೇಕಾದ್ರೆ ಅದ್ರಲ್ಲೇ ಆಗತ್ತಾ ಅಂತ ಕೇಳಿ ಬರ್ಸಿಟ್ಕೊಳ್ಳಿ. ರಿಪೋರ್ಟಿನ ಪಿಡಿಎಫ್ ಜೊತೆಗೆ ಮೊದಲ ಪುಟ ಪ್ರಿಂಟ್ ತೆಗೆದು ಫೈಲಲ್ಲಿ ಹಾಕಿ, ಒಪಿಡಿಯಲ್ಲಿ ಡಾಕ್ಟ್ರ ಮುಂದೆ ಫೋನಲ್ಲಿ ಹುಡುಕ್ತಾ ಕೂತ್ರೆ ಐದು ನಿಮಿಷ ಅಲ್ಲೇ ಹೋಗತ್ತೆ. ಮಾವ ಆ ಮೊದಲ ತಪ್ಪು ರಿಪೋರ್ಟನ್ನೂ ಫೈಲಲ್ಲಿ ಇಟ್ಕೊಂಡಿದ್ದಾರೆ, ಮೇಲೆ ಪೆನ್ನಲ್ಲಿ "ಶನಿವಾರದ್ದು" ಅಂತ ಬರ್ದು.